ಯಾವ ಕೆಲಸಕ್ಕೆ ಯಾವ ಯಂತ್ರ?

ಈಚಿನ ದಿನಗಳಲ್ಲಿ "ಕ್ಲೌಡ್" ಎಂಬ ಮಾತನ್ನು ಕೇಳದ ವಿದ್ಯಾರ್ಥಿ ವಿರಳ. ಕ್ಲೌಡ್ ಎಂದರೆ ಮೋಡ. ಮೋಡಕ್ಕೆ ಊರೆಂಬುದಿಲ್ಲ, ಕೇರಿಯೆಂಬುದಿಲ್ಲ. ಗಾಳಿ ಬೀಸಿದತ್ತ ಸಾಗುವುದೇ ಅದರ ಸ್ವಭಾವ. ಕೊಡಗಿನ ಅಮ್ಮತ್ತಿಯಲ್ಲಿರುವ ವಿದ್ಯಾರ್ಥಿನಿಯೊಬ್ಬಳು ತನ್ನ ಪರೀಕ್ಷೆಯ ಫಲಿತಾಂಶವನ್ನು ಫೋನಿನಲ್ಲಿ ನೋಡುವಾಗ, ಆ ಉತ್ತರ ಎಲ್ಲಿ ಸಿದ್ಧವಾಯಿತೆಂದು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ಎಲ್ಲಿಯೋ ಮೇಲೆ, ಮೋಡದಲ್ಲಿ, ಎಂದುಕೊಂಡು ಸುಮ್ಮನಾಗುತ್ತಾಳೆ. ಈ ಹೆಸರು ನಮ್ಮ ತರುಣರ ಮನಸ್ಸಿನಲ್ಲಿ ಒಂದು ತಪ್ಪು ಭಾವನೆಯನ್ನು ಬೆಳೆಸಿದೆಯೆಂದೇ ನನ್ನ ಅಭಿಪ್ರಾಯ. ಗಣಕದ ಕೆಲಸ ಯಾವುದೂ ಆಕಾಶದಲ್ಲಿ ನಡೆಯುವುದಿಲ್ಲ. ಅದು ಒಂದು ಊರಿನ ಒಂದು ಕಟ್ಟಡದಲ್ಲಿ, ಲೋಹದ ಚೌಕಟ್ಟುಗಳಲ್ಲಿ ಸಾಲಾಗಿ ಜೋಡಿಸಿದ ಯಂತ್ರಗಳ ಪೈಕಿ ಯಾವುದೋ ಒಂದರಲ್ಲಿ ನಡೆಯುತ್ತದೆ. ಆ ಯಂತ್ರ ವಿದ್ಯುತ್ತನ್ನು ಸೇವಿಸುತ್ತದೆ. ಸೇವಿಸಿದ ವಿದ್ಯುತ್ತು ಕಡೆಗೆ ಶಾಖವಾಗಿ ಪರಿಣಮಿಸುತ್ತದೆ. ಆ ಶಾಖವನ್ನು ಹೊರಹಾಕಲು ಮತ್ತಷ್ಟು ವಿದ್ಯುತ್ತು ಬೇಕಾಗುತ್ತದೆ. ಹಾಗಾದರೆ ಸಾವಿರಾರು ಯಂತ್ರಗಳಲ್ಲಿ ನಮ್ಮ ಕೆಲಸಕ್ಕೆ ಇಂಥ ಯಂತ್ರವೆಂದು ಗೊತ್ತುಮಾಡುವವರು ಯಾರು? ಯಾವ ನ್ಯಾಯದ ಮೇಲೆ ಗೊತ್ತುಮಾಡುತ್ತಾರೆ? ಆ ಕಟ್ಟುಪಾಡು ಎಷ್ಟರಮಟ್ಟಿಗೆ ಇರಬೇಕು? ಈ ಪ್ರಶ್ನೆಗಳನ್ನು ವಿದ್ಯಾರ್ಥಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಸ್ಥಳದ ವಿಚಾರವೇಕೆ, ಎಲ್ಲಿ ನಡೆದರೇನು, ಎಂದು ಕೇಳುವವರಿಗೆ ಭೌತಶಾಸ್ತ್ರವೇ ಮೊದಲ ಉತ್ತರವನ್ನು ಕೊಡುತ್ತದೆ. ನಿರ್ವಾತದಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೊಮೀಟರ್. ಸುದ್ದಿಯನ್ನು ಸಾಗಿಸುವ ಗಾಜಿನ ಎಳೆಯಲ್ಲಿ ಅದು ಸುಮಾರು 2 ಲಕ್ಷ ಕಿಲೊಮೀಟರಿಗೆ ಇಳಿಯುತ್ತದೆ. ಆದುದರಿಂದ 1,000 ಕಿಲೊಮೀಟರ್ ದೂರದ ಯಂತ್ರಕ್ಕೆ ಪ್ರಶ್ನೆ ಹೋಗಿ ಉತ್ತರ ಬರಲು ಕನಿಷ್ಠ 10 ಮಿಲಿಸೆಕೆಂಡು ಬೇಕು. 14,000 ಕಿಲೊಮೀಟರ್ ದೂರದ ಯಂತ್ರಕ್ಕಾದರೆ ಕನಿಷ್ಠ 140 ಮಿಲಿಸೆಕೆಂಡು ಬೇಕು. ಒಂದೇ ಪ್ರಶ್ನೆಯಾದರೆ ಈ ಅಂತರ ನಮಗೆ ಗೊತ್ತಾಗದು. ಆದರೆ ಒಂದರ ಉತ್ತರ ಬಂದ ಬಳಿಕವೇ ಮತ್ತೊಂದನ್ನು ಕೇಳಬೇಕಾದ 20 ಪ್ರಶ್ನೆಗಳಿದ್ದರೆ, ಹತ್ತಿರದ ಯಂತ್ರ ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ ಮುಗಿಸುವ ವ್ಯವಹಾರಕ್ಕೆ ದೂರದ ಯಂತ್ರ ಸುಮಾರು ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ. ಎಷ್ಟೇ ಹಣ ಚೆಲ್ಲಿದರೂ ಬೆಳಕಿನ ವೇಗವನ್ನು ಹೆಚ್ಚಿಸಲಾಗದು. ಕೆಲಸ ನಡೆಯುವ ಸ್ಥಳವೆಂಬುದು ನಿಜವಾದ ವಸ್ತು.

ಹಿಂದಿನ ಕಾಲದಲ್ಲಿ ಈ ಪ್ರಶ್ನೆ ಇಷ್ಟು ತೊಡಕಾಗಿರಲಿಲ್ಲ. ಒಂದು ಕೆಲಸಕ್ಕೆ ಒಂದು ಯಂತ್ರವನ್ನು ಮೀಸಲಿಡುವುದೇ ವಾಡಿಕೆಯಾಗಿತ್ತು. ಸಂಬಳದ ಲೆಕ್ಕಕ್ಕೊಂದು, ಪತ್ರವ್ಯವಹಾರಕ್ಕೊಂದು, ಗ್ರಂಥಾಲಯದ ಪಟ್ಟಿಗೊಂದು. ಸಂಬಳದ ಯಂತ್ರ ತಿಂಗಳಿನ ಕೊನೆಯ ಎರಡು ದಿನ ದುಡಿದು ಉಳಿದ ದಿನಗಳಲ್ಲಿ ವಿದ್ಯುತ್ತನ್ನು ನುಂಗುತ್ತ ಸುಮ್ಮನಿರುತ್ತಿತ್ತು. ಕೆಲಸವನ್ನು ಬೇರೊಂದು ಯಂತ್ರಕ್ಕೆ ಸಾಗಿಸೋಣವೆಂದರೆ, ಅದಕ್ಕೆ ಬೇಕಾದ ನೂರಾರು ಉಪಾಂಗಗಳು ಅಲ್ಲಿರುತ್ತಿರಲಿಲ್ಲ; ಇದ್ದರೂ ಬೇರೆ ಆವೃತ್ತಿಯವಾಗಿರುತ್ತಿದ್ದುವು.

ಈ ತೊಡಕನ್ನು ಬಿಡಿಸಿದುದು "ಕಂಟೇನರ್" ಎಂಬ ಉಪಾಯ. ಮಂಗಳೂರಿನ ಪಣಂಬೂರು ಬಂದರಿನಲ್ಲಿ ಹಡಗಿನಿಂದ ಇಳಿಸುವ ಉಕ್ಕಿನ ದೊಡ್ಡ ಪೆಟ್ಟಿಗೆಗಳನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಒಳಗೆ ಗೋಡಂಬಿಯಿರಲಿ, ಕಾಫಿಯಿರಲಿ, ಹೊರಗಿನ ಅಳತೆ ಒಂದೇ. ಆದುದರಿಂದ ಯಾವ ಹಡಗಿಗಾದರೂ, ಯಾವ ಲಾರಿಗಾದರೂ ಅದನ್ನು ಏರಿಸಬಹುದು. ಗಣಕದ ಕಂಟೇನರಿನ ತತ್ತ್ವವೂ ಇದೇ. ಒಂದು ಕ್ರಮವಿಧಿಯನ್ನೂ ಅದು ನಡೆಯಲು ಬೇಕಾದ ಉಪಾಂಗಗಳನ್ನೂ ಒಟ್ಟಿಗೆ ಕಟ್ಟಿ ಒಂದು ಮೂಟೆಯಾಗಿ ಮಾಡುತ್ತಾರೆ. ಒಂದೇ ಯಂತ್ರದಲ್ಲಿ ಇಂಥ ಹಲವಾರು ಮೂಟೆಗಳು ಒಂದರ ಪಾಲಿಗೆ ಇನ್ನೊಂದು ಕೈಹಾಕದಂತೆ ನಡೆಯುವುದಕ್ಕೆ ಬೇಕಾದ ಕಟ್ಟುಪಾಡುಗಳನ್ನು ಲಿನಕ್ಸ್ ಕಾರ್ಯವ್ಯವಸ್ಥೆಯ ತಿರುಳೇ ಒದಗಿಸುತ್ತದೆ. 2013ರಲ್ಲಿ ಬಂದ "ಡಾಕರ್" ಎಂಬ ತಂತ್ರಾಂಶ ಈ ಉಪಾಯವನ್ನು ಎಲ್ಲರ ಕೈಗೆ ಎಟುಕುವಂತೆ ಮಾಡಿತು. ಅಲ್ಲಿಂದೀಚೆಗೆ ಕೆಲಸವು ಯಂತ್ರದ ಹಂಗಿನಿಂದ ಬಹುಮಟ್ಟಿಗೆ ಬಿಡುಗಡೆ ಹೊಂದಿತು.

ಎಲ್ಲಿ ಬೇಕಾದರೂ ನಡೆಯಬಲ್ಲ ಕೆಲಸವನ್ನು ಎಲ್ಲಿ ನಡೆಸಬೇಕು? ಹತ್ತು ಯಂತ್ರಗಳಿದ್ದರೆ ಮನುಷ್ಯನೊಬ್ಬ ಕುಳಿತು ಹಂಚಬಹುದು. ಹತ್ತು ಸಾವಿರವಿದ್ದರೆ ಸಾಧ್ಯವಿಲ್ಲ. ಗೂಗಲ್ ಸಂಸ್ಥೆಯು ತನ್ನ ಯಂತ್ರಸಮೂಹಗಳಿಗಾಗಿ "ಬೋರ್ಗ್" ಎಂಬ ವ್ಯವಸ್ಥೆಯನ್ನು ಬೆಳೆಸಿಕೊಂಡಿತ್ತು. ಆ ಅನುಭವದ ಆಧಾರದ ಮೇಲೆ ಅದು 2014ರ ಜೂನ್ ತಿಂಗಳಲ್ಲಿ "ಕುಬರ್ನೆಟೀಸ್" ಎಂಬ ತಂತ್ರಾಂಶವನ್ನು ಲೋಕಕ್ಕೆ ತೆರೆದಿಟ್ಟಿತು. 2015ರ ಜುಲೈನಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಹೊರಬಂದಿತು. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಚುಕ್ಕಾಣಿ ಹಿಡಿಯುವವನು ಎಂದರ್ಥ. ಇದರ ಪರಿಭಾಷೆಯಲ್ಲಿ ಒಟ್ಟಾಗಿ ದುಡಿಯುವ ಯಂತ್ರಗಳ ಗುಂಪು "ಕ್ಲಸ್ಟರ್". ಅದರಲ್ಲಿಯ ಒಂದೊಂದು ಯಂತ್ರ "ನೋಡ್". ಒಟ್ಟಿಗೆ ಇರಿಸಬೇಕಾದ ಒಂದೆರಡು ಕಂಟೇನರುಗಳ ಜೊತೆ "ಪಾಡ್". ಯಾವ ಪಾಡ್ ಯಾವ ನೋಡಿಗೆ ಹೋಗಬೇಕೆಂದು ನಿರ್ಣಯಿಸುವ ಭಾಗಕ್ಕೆ "ಶೆಡ್ಯೂಲರ್" ಎಂದು ಹೆಸರು.

ಶೆಡ್ಯೂಲರಿನ ಕೆಲಸವನ್ನು ಕೊಡಗಿನ ವಿದ್ಯಾರ್ಥಿಗಳು ಸುಲಭವಾಗಿ ಊಹಿಸಬಲ್ಲರು. ಅಮ್ಮತ್ತಿಯ ಸುತ್ತಲಿನ ಕಾಫಿ ತೋಟಗಳಲ್ಲಿ ಬೆಳಗ್ಗೆ ಹಾಜರಿಯಾದ ಕೂಡಲೇ ಮೇಸ್ತ್ರಿ ಆ ದಿನದ ಕೆಲಸವನ್ನು ಹಂಚುತ್ತಾನೆ. ನೆರಳಿನ ಮರವೇರಿ ಕೊಂಬೆ ಕತ್ತರಿಸುವ ಮರಗಸಿಯ ಕೆಲಸ ಎಲ್ಲರಿಗೂ ಒಗ್ಗುವುದಿಲ್ಲ. ಏಣಿ ಹಾಕಿ ಕಾಳುಮೆಣಸು ಕೊಯ್ಯುವುದಕ್ಕೂ ಅಭ್ಯಾಸ ಬೇಕು. ಪಲ್ಪರ್ ನಡೆಸುವವನನ್ನು ಕಳೆ ತೆಗೆಯಲು ಕಳುಹಿಸಿದರೆ ಪಲ್ಪರ್ ನಿಲ್ಲುತ್ತದೆ. ಕಣದಲ್ಲಿ ಕಾಫಿ ಹರಡುವ ಕೆಲಸಕ್ಕಾದರೋ ಬಂದವರಲ್ಲಿ ಯಾರಾದರೂ ಆದೀತು. ಮೇಸ್ತ್ರಿ ಮೊದಲು ಈ ಕೆಲಸಕ್ಕೆ ಯಾರು ತಕ್ಕವರಲ್ಲವೆಂದು ನೋಡುತ್ತಾನೆ. ಆಮೇಲೆ ಉಳಿದವರಲ್ಲಿ ಯಾರು ಹೆಚ್ಚು ಅನುಕೂಲವೆಂದು ತೂಗುತ್ತಾನೆ. ಮನುಷ್ಯರನ್ನು ಯಂತ್ರಗಳಿಗೆ ಹೋಲಿಸುವುದು ಉಚಿತವಲ್ಲ; ಈ ಹೋಲಿಕೆ ಮೇಸ್ತ್ರಿಯ ವಿವೇಚನೆಗೆ ಮಾತ್ರ ಸಲ್ಲುವುದು.

ಶೆಡ್ಯೂಲರಿನದೂ ಎರಡೇ ಹೆಜ್ಜೆ. ಮೊದಲನೆಯದು ಸೋಸುವಿಕೆ. ಒಂದು ಪಾಡ್ ತನಗೆ ಇಷ್ಟು ಸಂಸ್ಕಾರಕ, ಇಷ್ಟು ಸ್ಮೃತಿ ಬೇಕೆಂದು ಬರೆದುಕೊಂಡು ಬರುತ್ತದೆ. ಅಷ್ಟು ಜಾಗ ಖಾಲಿಯಿಲ್ಲದ ನೋಡುಗಳನ್ನೂ, ಷರತ್ತುಗಳಿಗೆ ಹೊಂದದ ನೋಡುಗಳನ್ನೂ ಶೆಡ್ಯೂಲರ್ ಬದಿಗಿಡುತ್ತದೆ. ಎರಡನೆಯದು ಅಂಕ ಹಾಕುವಿಕೆ. ಉಳಿದ ನೋಡುಗಳಿಗೆ ಅನುಕೂಲಕ್ಕೆ ತಕ್ಕಂತೆ ಅಂಕಗಳನ್ನು ಕೊಟ್ಟು, ಅತಿ ಹೆಚ್ಚು ಅಂಕ ಪಡೆದುದಕ್ಕೆ ಪಾಡನ್ನು ಒಪ್ಪಿಸುತ್ತದೆ. ಸೋಸಿದ ಮೇಲೆ ಒಂದು ನೋಡೂ ಉಳಿಯದಿದ್ದರೆ ಪಾಡ್ ಕಾಯುತ್ತ ಕೂರುತ್ತದೆ. ಕಾಯುವುದಕ್ಕೆ ಮಿತಿಯಿಲ್ಲ, ತಕ್ಕ ನೋಡ್ ದೊರೆಯುವವರೆಗೂ ಅದು ಕಾದೇ ಇರುತ್ತದೆ.

ಶೆಡ್ಯೂಲರನ್ನು ಅದರ ಪಾಡಿಗೆ ಬಿಟ್ಟರೆ ಎಂಥ ಫಲ ದೊರೆಯಬಹುದೆಂಬುದಕ್ಕೆ ಭೌತವಿಜ್ಞಾನದಿಂದಲೇ ಒಂದು ನಿದರ್ಶನವಿದೆ. ಹಿಗ್ಸ್ ಕಣದ ಪತ್ತೆಯನ್ನು ಜಿನೀವಾದ ಸೆರ್ನ್ ಸಂಸ್ಥೆ 2012ರ ಜುಲೈ 4ರಂದು ಪ್ರಕಟಿಸಿತಷ್ಟೆ. 2019ರಲ್ಲಿ ಬಾರ್ಸಿಲೋನಾ ನಗರದ ಸಮ್ಮೇಳನವೊಂದರಲ್ಲಿ ಸೆರ್ನ್‌ನ ತಜ್ಞರು ಆ ಕಣಕ್ಕೆ ಸಂಬಂಧಿಸಿದ ಸುಮಾರು 70 ಟೆರಾಬೈಟ್ ದತ್ತಾಂಶವನ್ನು ಕುಬರ್ನೆಟೀಸ್ ಸಮೂಹವೊಂದಕ್ಕೆ ಒಪ್ಪಿಸಿ, ಸಭಿಕರ ಎದುರಿನಲ್ಲಿಯೇ ವಿಶ್ಲೇಷಣೆ ನಡೆಸಿ ತೋರಿಸಿದರು. ಕೆಲಸವನ್ನು ಸುಮಾರು 25,000 ತುಂಡುಗಳಾಗಿ ವಿಂಗಡಿಸಲಾಗಿತ್ತು. ಯಾವ ತುಂಡು ಯಾವ ಯಂತ್ರಕ್ಕೆ ಎಂದು ಒಬ್ಬ ಮನುಷ್ಯ ಕುಳಿತು ಬರೆದಿದ್ದರೆ ಸಮ್ಮೇಳನವೇ ಮುಗಿದುಹೋಗುತ್ತಿತ್ತು.

ಇಂಥ ನಿದರ್ಶನಗಳನ್ನು ನೋಡಿ ಕೆಲವರು, ಎಲ್ಲವನ್ನೂ ಶೆಡ್ಯೂಲರಿಗೆ ಬಿಟ್ಟುಬಿಡಬೇಕು, ಮನುಷ್ಯ ಕೈಹಾಕಲೇಬಾರದು, ಎನ್ನುತ್ತಾರೆ. ಇನ್ನು ಕೆಲವರು ಹಳೆಯ ವಾಡಿಕೆಯನ್ನು ಬಿಡಲಾರದೆ, ಪ್ರತಿಯೊಂದು ಕೆಲಸವನ್ನೂ ತಮಗೆ ಗೊತ್ತಿರುವ ಯಂತ್ರಕ್ಕೆ ಕಟ್ಟಿಹಾಕಿದರೇ ನೆಮ್ಮದಿ ಎನ್ನುತ್ತಾರೆ. ಎರಡೂ ಸರಿಯಲ್ಲವೆಂದು ನನ್ನ ಮತ. ಶೆಡ್ಯೂಲರಿನ ಸ್ವಾತಂತ್ರ್ಯವೇ ನಿಯಮವಾಗಿರಬೇಕು. ಕಟ್ಟು ಅದಕ್ಕೆ ಅಪವಾದವಾಗಿರಬೇಕು. ಕಟ್ಟನ್ನು ಹಾಕುವುದಕ್ಕೆ ಮೂರೇ ಕಾರಣಗಳು ಯೋಗ್ಯವಾದುವು: ಯಂತ್ರದ ಗುಣ, ಅಪಾಯದ ಭಯ, ದೇಶದ ಕಾನೂನು. ಈ ಮೂರನ್ನೂ ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು ಯಂತ್ರದ ಗುಣ. ಇದಕ್ಕೆ ನಮ್ಮ ರಾಜ್ಯದಲ್ಲಿಯೇ ಒಳ್ಳೆಯ ಉದಾಹರಣೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ "ಪರಮ್ ಪ್ರವೇಗ" ಎಂಬ ಮಹಾಗಣಕವನ್ನು ಸ್ಥಾಪಿಸಲಾಯಿತು. ಅದರ ಗರಿಷ್ಠ ಸಾಮರ್ಥ್ಯ 3.3 ಪೆಟಾಫ್ಲಾಪ್ಸ್, ಎಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಗಣನೆಗಳು. ಹೆಸರಿಗೆ ಅದು ಒಂದು ಯಂತ್ರ. ನಿಜವಾಗಿ ನೂರಾರು ಯಂತ್ರಗಳ ಸಮೂಹ. ಅವುಗಳಲ್ಲಿ ಕೆಲವು ಸಾಮಾನ್ಯ ಸಂಸ್ಕಾರಕಗಳಿಂದ ಕೂಡಿದುವು. ಮತ್ತೆ ಕೆಲವು ಜಿಪಿಯು ಎಂದು ಕರೆಯುವ, ಒಂದೇ ಬಗೆಯ ಗಣನೆಯನ್ನು ಸಾವಿರಾರು ಸಂಖ್ಯೆಗಳ ಮೇಲೆ ಏಕಕಾಲದಲ್ಲಿ ನಡೆಸುವ ವಿಶೇಷ ಸಂಸ್ಕಾರಕಗಳುಳ್ಳವು. ಇಲ್ಲಿ ಕೆಲಸಗಳಿಗೆ ಪಾಡ್ ಎಂಬ ಹೆಸರಿಲ್ಲ, ಜಾಬ್ ಎನ್ನುತ್ತಾರೆ. ಆದರೆ ಹಂಚುವ ಪ್ರಶ್ನೆ ಅದೇ. ಜಿಪಿಯು ಬೇಕಾದ ಕೆಲಸ ಸಾಮಾನ್ಯ ಯಂತ್ರಕ್ಕೆ ಬಂದರೆ ನಡೆಯುವುದೇ ಇಲ್ಲ. ಜಿಪಿಯು ಬೇಡವಾದ ಕೆಲಸ ಜಿಪಿಯು ಯಂತ್ರವನ್ನು ಆಕ್ರಮಿಸಿದರೆ ಬೆಲೆಬಾಳುವ ಸಾಧನ ವ್ಯರ್ಥವಾಗುತ್ತದೆ. ಎರಡನ್ನೂ ತಡೆಯಬೇಕು.

ಕುಬರ್ನೆಟೀಸ್‌ನಲ್ಲಿ ಇದಕ್ಕೆ ಎರಡು ಬೇರೆ ಬೇರೆ ಸಾಧನಗಳಿವೆ. ಒಂದು "ಲೇಬಲ್", ಎಂದರೆ ನೋಡಿಗೆ ಅಂಟಿಸಿದ ಗುಣದ ಚೀಟಿ. ಈ ನೋಡಿನಲ್ಲಿ ಜಿಪಿಯು ಇದೆ, ಈ ನೋಡ್ ಇಂಥ ಕಟ್ಟಡದಲ್ಲಿದೆ, ಎಂದು ಚೀಟಿಗಳು ಹೇಳುತ್ತವೆ. ಪಾಡಿನ ಬೇಡಿಕೆಯಲ್ಲಿ ಇಂಥ ಚೀಟಿಯುಳ್ಳ ನೋಡೇ ಬೇಕೆಂದು ಬರೆಯಬಹುದು. ಈ ಒಲವಿಗೆ "ಅಫಿನಿಟಿ" ಎಂದು ಹೆಸರು. ಅದರಲ್ಲಿಯೂ ಎರಡು ಬಗೆ: ಇಂಥದು ಇದ್ದೇ ತೀರಬೇಕು ಎಂಬ ಕಡ್ಡಾಯ ಒಂದು, ಇದ್ದರೆ ಮೇಲು, ಇಲ್ಲದಿದ್ದರೆ ಬೇರೆಯಾದರೂ ಆಗಬಹುದು ಎಂಬ ಆದ್ಯತೆ ಇನ್ನೊಂದು. ಕಡ್ಡಾಯವು ಸೋಸುವ ಹೆಜ್ಜೆಯಲ್ಲಿ ಕೆಲಸಮಾಡುತ್ತದೆ. ಆದ್ಯತೆಯು ಅಂಕ ಹಾಕುವ ಹೆಜ್ಜೆಯಲ್ಲಿ, 1ರಿಂದ 100ರವರೆಗಿನ ತೂಕವಾಗಿ ಸೇರುತ್ತದೆ.

ಎರಡನೆಯ ಸಾಧನ ಪಾಡಿನ ಬೇಡಿಕೆಯದಲ್ಲ, ನೋಡಿನ ನಿರಾಕರಣೆಯದು. ಇದನ್ನು "ಟೇಂಟ್" ಎನ್ನುತ್ತಾರೆ. ಟೇಂಟ್ ಎಂದರೆ ಕಲೆ, ಕಳಂಕ. ಹೆಸರು ಅಷ್ಟು ಒಪ್ಪುವಂಥದಲ್ಲ; ಏಕೆಂದರೆ ನೋಡಿನಲ್ಲಿ ದೋಷವೇನೂ ಇರಬೇಕಾಗಿಲ್ಲ. ತೋಟದ ಗೇಟಿಗೆ ತೂಗುಹಾಕಿದ "ಅಪ್ಪಣೆಯಿಲ್ಲದೆ ಒಳಗೆ ಬರಕೂಡದು" ಎಂಬ ಫಲಕದಂತೆ ಅದು. ಫಲಕಗಳಲ್ಲಿ ಮೂರು ಬಗೆ. ಹೊಸಬರು ಬರಕೂಡದು ಎಂಬುದು ಒಂದು. ಆದಷ್ಟೂ ಬರದಿರುವುದು ಲೇಸು ಎಂಬುದು ಇನ್ನೊಂದು. ಬರಕೂಡದು, ಒಳಗಿರುವವರೂ ಹೊರಡತಕ್ಕದ್ದು ಎಂಬುದು ಮೂರನೆಯದು. ಇಂಥ ಫಲಕವಿದ್ದರೂ ಒಳಗೆ ಹೋಗಬಲ್ಲ ಪಾಡಿನ ಕೈಯಲ್ಲಿ "ಟಾಲರೇಷನ್" ಎಂಬ ಅಪ್ಪಣೆಚೀಟಿ ಇರುತ್ತದೆ. ಸಮೂಹದ ಆಡಳಿತ ನಡೆಸುವ ನೋಡುಗಳಿಗೆ ಮೊದಲಿನಿಂದಲೇ ಇಂಥ ಫಲಕ ಹಾಕುವುದು ರೂಢಿ; ಇಲ್ಲವಾದರೆ ಯಾವುದೋ ಒಂದು ಭಾರಿ ಕೆಲಸ ಅಲ್ಲಿ ಹೊಕ್ಕು ಆಡಳಿತವನ್ನೇ ಉಸಿರುಕಟ್ಟಿಸಬಹುದು.

ಇಲ್ಲಿ ಹೊಸದಾಗಿ ಕಲಿಯುವವರು ಒಂದು ಮಾತನ್ನು ನೆನಪಿಡಬೇಕು. ಅಪ್ಪಣೆಯೆಂಬುದು ಆಕರ್ಷಣೆಯಲ್ಲ. ಅಪ್ಪಣೆಚೀಟಿ ಹಿಡಿದ ಪಾಡ್ ಜಿಪಿಯು ನೋಡಿಗೆ ಹೋಗಬಹುದು, ಹೋಗಲೇಬೇಕೆಂದಿಲ್ಲ. ಫಲಕವಿಲ್ಲದ ಬೇರೊಂದು ನೋಡಿಗೂ ಅದು ಹೋದೀತು. ಹಾಗೆಯೇ ಅಫಿನಿಟಿಯೊಂದನ್ನೇ ಬರೆದು ಟೇಂಟನ್ನು ಮರೆತರೆ, ನಮ್ಮ ಪಾಡ್ ಸರಿಯಾದ ನೋಡಿಗೇ ಹೋಗುವುದು ನಿಜ. ಆದರೆ ಅಲ್ಲಿ ಬೇರೆಯವರು ಮೊದಲೇ ಬಂದು ಕುಳಿತಿರಬಹುದು. ಒಂದು ನೋಡನ್ನು ಒಂದು ಬಗೆಯ ಕೆಲಸಕ್ಕೆ ನಿಜವಾಗಿ ಮೀಸಲಿಡಬೇಕಾದರೆ ಎರಡೂ ಕೂಡಬೇಕು.

ಎರಡನೆಯ ಕಾರಣ ಅಪಾಯದ ಭಯ. 2018ರ ಆಗಸ್ಟಿನ ಮಳೆಯನ್ನು ಕೊಡಗಿನವರು ಮರೆಯಲಾರರು. ಮಡಿಕೇರಿಯ ಸುತ್ತಮುತ್ತ ಗುಡ್ಡಗಳು ಕುಸಿದುವು. ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಹಲವೆಡೆ ಕೊಚ್ಚಿಹೋಯಿತು. ಒಂದೇ ದಾರಿಯನ್ನು ನಂಬಿದವರ ಪಾಡು ಏನಾಗುವುದೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ಗಣಕಸಮೂಹಗಳಿಗೂ ಇದೇ ಪಾಠ ಅನ್ವಯಿಸುತ್ತದೆ. ಒಂದು ಸೇವೆಯ ಆರು ಪ್ರತಿಗಳಿದ್ದು, ಆರೂ ಒಂದೇ ಕಟ್ಟಡದಲ್ಲಿದ್ದರೆ, ಆ ಕಟ್ಟಡದ ವಿದ್ಯುತ್ತು ಹೋದೊಡನೆ ಆರೂ ಮುಳುಗುತ್ತವೆ. ಮೂರು ಪ್ರತ್ಯೇಕ ವಲಯಗಳಲ್ಲಿ ಎರಡೆರಡರಂತೆ ಇಟ್ಟರೆ, ಒಂದು ವಲಯ ಹಾಳಾದರೂ ನಾಲ್ಕು ಉಳಿಯುತ್ತವೆ. ಕುಬರ್ನೆಟೀಸ್ ತಾನಾಗಿಯೂ ಪ್ರತಿಗಳನ್ನು ಹರಡಲು ಯತ್ನಿಸುತ್ತದೆ. ಆದರೆ ಯತ್ನಕ್ಕೂ ಭರವಸೆಗೂ ಅಂತರವುಂಟು. ಯಾವ ಎರಡು ವಲಯಗಳ ನಡುವೆಯೂ ಒಂದಕ್ಕಿಂತ ಹೆಚ್ಚಿನ ವ್ಯತ್ಯಾಸವಿರಕೂಡದೆಂದು ಸ್ಪಷ್ಟವಾಗಿ ಬರೆದರೆ ಮಾತ್ರ ಭರವಸೆ ದೊರೆಯುವುದು. ಅಮ್ಮತ್ತಿಯ ವಿದ್ಯಾರ್ಥಿನಿಗೆ ಫಲಿತಾಂಶದ ದಿನವೇ ಉತ್ತರ ಸಿಕ್ಕುವುದೋ ಇಲ್ಲವೋ ಎಂಬುದು ಇಂಥ ಒಂದು ಸಾಲನ್ನು ಯಾರಾದರೂ ಬರೆದಿದ್ದಾರೆಯೇ ಎಂಬುದನ್ನು ಅವಲಂಬಿಸಿರಬಹುದು.

ನೋಡೊಂದು ಇದ್ದಕ್ಕಿದ್ದಂತೆ ಮೌನವಾದಾಗ ನಡೆಯುವ ಕ್ರಮವೂ ತಿಳಿದುಕೊಳ್ಳತಕ್ಕದ್ದು. ಸಮೂಹವು ತಾನೇ ಆ ನೋಡಿಗೆ ಮೂರನೆಯ ಬಗೆಯ ಫಲಕವನ್ನು ತೂಗುಹಾಕುತ್ತದೆ. ಬೇರೆ ಆಜ್ಞೆಯಿಲ್ಲದಿದ್ದರೆ ಅಲ್ಲಿಯ ಪಾಡುಗಳಿಗೆ 300 ಸೆಕೆಂಡುಗಳ ಗಡುವು ಇರುತ್ತದೆ. ಅಷ್ಟರೊಳಗೆ ನೋಡ್ ಚೇತರಿಸಿಕೊಳ್ಳದಿದ್ದರೆ ಅವುಗಳಿಗೆ ಬದಲಾಗಿ ಹೊಸ ಪಾಡುಗಳು ಬೇರೆ ನೋಡುಗಳಲ್ಲಿ ಏಳುತ್ತವೆ. ಆದರೆ ಆ ಪಾಡನ್ನು ನಾವು ಹಾಳಾದ ಅದೇ ಯಂತ್ರಕ್ಕೆ ಕಟ್ಟಿಹಾಕಿದ್ದರೆ? ಹೊಸ ಪಾಡಿಗೆ ಹೋಗಲು ಎಡೆಯಿಲ್ಲ. ಸುತ್ತಲೂ ನೂರು ಯಂತ್ರಗಳು ಖಾಲಿಯಿದ್ದರೂ ಅದು ಕಾಯುತ್ತಲೇ ಇರುತ್ತದೆ.

ಮೂರನೆಯ ಕಾರಣ ಕಾನೂನು. ಭಾರತೀಯ ರಿಸರ್ವ್ ಬ್ಯಾಂಕು 2018ರ ಏಪ್ರಿಲ್ 6ರಂದು ಹೊರಡಿಸಿದ ಆದೇಶದಂತೆ, ನಮ್ಮ ದೇಶದ ಹಣ ಪಾವತಿ ವ್ಯವಸ್ಥೆಗಳ ದತ್ತಾಂಶವನ್ನು ಭಾರತದಲ್ಲಿ ಮಾತ್ರ ಸಂಗ್ರಹಿಸಿಡಬೇಕು. ಅಮ್ಮತ್ತಿಯ ಅಂಗಡಿಯಲ್ಲಿ ಫೋನು ತೋರಿಸಿ ಹತ್ತು ರೂಪಾಯಿ ಕೊಟ್ಟ ಲೆಕ್ಕಕ್ಕೂ ಈ ಆದೇಶ ಅನ್ವಯಿಸುತ್ತದೆ. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ತಾನು ಸೂಚಿಸಿದ ದೇಶಗಳಿಗೆ ಇಂಥ ದತ್ತಾಂಶ ಹೋಗದಂತೆ ನಿರ್ಬಂಧಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಬೆಳಕಿನ ವೇಗವಾಗಲಿ ಯಂತ್ರದ ಗುಣವಾಗಲಿ ಶೆಡ್ಯೂಲರಿಗೆ ಲೆಕ್ಕದಿಂದ ತಿಳಿಯಬಹುದು; ದೇಶದ ಗಡಿ ತಿಳಿಯದು. ಅದನ್ನು ಮನುಷ್ಯರೇ ಚೀಟಿಯಾಗಿ ಅಂಟಿಸಿ, ಕಡ್ಡಾಯವಾಗಿ ವಿಧಿಸಬೇಕು.

ಚೀಟಿ ಎಂದೊಡನೆ ಇನ್ನೊಂದು ಪ್ರಶ್ನೆ ಏಳುತ್ತದೆ: ಅದನ್ನು ಅಂಟಿಸುವವರು ಯಾರು? ಯಂತ್ರವು ತನ್ನ ಚೀಟಿಯನ್ನು ತಾನೇ ಬರೆದುಕೊಳ್ಳುವಂತಿದ್ದರೆ, ಕಳ್ಳರ ಕೈಸೇರಿದ ಯಂತ್ರವೊಂದು "ನಾನು ಗೋಪ್ಯ ದತ್ತಾಂಶಕ್ಕೆ ತಕ್ಕವನು" ಎಂದು ಬರೆದುಕೊಂಡು ಅಂಥ ಕೆಲಸಗಳನ್ನೇ ತನ್ನೆಡೆಗೆ ಸೆಳೆಯಬಹುದು. ಈ ಮೋಸವನ್ನು ತಡೆಯುವುದಕ್ಕಾಗಿಯೇ ಕುಬರ್ನೆಟೀಸ್‌ನಲ್ಲಿ ಕೆಲವು ಚೀಟಿಗಳನ್ನು ನೋಡುಗಳು ಮುಟ್ಟದಂತೆ ಕಾಯ್ದಿರಿಸುವ ಏರ್ಪಾಡಿದೆ. ಇದೇ ಮಾತು ಅಪ್ಪಣೆಚೀಟಿಗೂ ಸಲ್ಲುತ್ತದೆ. ಪಾಡನ್ನು ಕಳುಹಿಸುವವನೇ ಅದರ ಟಾಲರೇಷನ್ನನ್ನೂ ಬರೆಯುತ್ತಾನೆ. ಆದುದರಿಂದ ಫಲಕವು ಫಲಕವೇ ಹೊರತು ಬೀಗವಲ್ಲ. ಬೇಡಿಕೆ ಸಮೂಹದೊಳಕ್ಕೆ ಬರುವ ಬಾಗಿಲಿನಲ್ಲಿಯೇ, ಈ ಅಪ್ಪಣೆ ಬರೆದುಕೊಳ್ಳಲು ಇವನಿಗೆ ಅಧಿಕಾರವುಂಟೇ ಎಂದು ಪರೀಕ್ಷಿಸುವ ಕಾವಲು ಇರಬೇಕು. ಕಾವಲಿಲ್ಲದ ಕಟ್ಟಳೆ ಸಜ್ಜನರನ್ನು ಮಾತ್ರ ತಡೆಯುತ್ತದೆ.

ಇನ್ನು, ಈ ಮೂರು ಕಾರಣಗಳಿಲ್ಲದೆ ಕೇವಲ ರೂಢಿಯಿಂದ ಹಾಕುವ ಕಟ್ಟುಗಳ ಹಾನಿಯನ್ನು ಒಂದು ಸಣ್ಣ ಲೆಕ್ಕದಿಂದ ತೋರಿಸುತ್ತೇನೆ. ಅ, ಆ, ಇ ಎಂಬ ಮೂರು ನೋಡುಗಳಿವೆಯೆನ್ನಿ. ಪ್ರತಿಯೊಂದರಲ್ಲಿಯೂ 8 ಕೋರುಗಳು. ಕೆಲಸಗಳು ಐದು, ಅವುಗಳಿಗೆ ಕ್ರಮವಾಗಿ 5, 5, 3, 3, 6 ಕೋರುಗಳು ಬೇಕು. ಒಟ್ಟು ಬೇಡಿಕೆ 22, ಒಟ್ಟು ಸಾಮರ್ಥ್ಯ 24. ಕಟ್ಟಿಲ್ಲದಿದ್ದರೆ "ಅ"ದಲ್ಲಿ 5 ಮತ್ತು 3, "ಆ"ದಲ್ಲಿ 5 ಮತ್ತು 3, "ಇ"ಯಲ್ಲಿ 6 ಹೊಂದುತ್ತವೆ. ಎಲ್ಲ ಕೆಲಸವೂ ನಡೆಯುತ್ತದೆ. ಈಗ ಯಾರೋ ಒಬ್ಬರು, 5 ಕೋರಿನ ಎರಡು ಕೆಲಸಗಳೂ "ಅ"ದಲ್ಲಿಯೇ ನಡೆಯಬೇಕೆಂದು ಬರೆದರೆನ್ನಿ. ಒಂದು ಮಾತ್ರ ಅಲ್ಲಿ ಹಿಡಿಸುತ್ತದೆ. ಉಳಿದ ಎಡೆಗೆ 3 ಕೋರಿನ ಕೆಲಸವೊಂದು ಬಂದು ಕೂರುತ್ತದೆ. "ಆ"ದಲ್ಲಿ 3 ಕೋರಿನ ಇನ್ನೊಂದು ಕೆಲಸ, "ಇ"ಯಲ್ಲಿ 6 ಕೋರಿನದು. "ಆ"ದಲ್ಲಿ ಸರಿಯಾಗಿ 5 ಕೋರುಗಳು ಖಾಲಿ ಉಳಿದಿವೆ. 5 ಕೋರು ಬೇಕಾದ ಕೆಲಸ ಹೊರಗೆ ಕಾಯುತ್ತಿದೆ. ನಡುವೆ ಇರುವ ಅಡ್ಡಿ ಬರೆದಿಟ್ಟ ಒಂದು ಸಾಲು ಮಾತ್ರ. ಮೂರು ನೋಡುಗಳಲ್ಲಿ ಇಷ್ಟಾದರೆ, ಕುಬರ್ನೆಟೀಸ್ ತನ್ನ ಮಿತಿಯೆಂದು ಹೇಳಿಕೊಳ್ಳುವ 5,000 ನೋಡುಗಳಲ್ಲಿ ಎಷ್ಟಾದೀತೆಂದು ವಾಚಕರೇ ಯೋಚಿಸಲಿ. ಇಂಥ ಕಡೆಗಳಲ್ಲಿ ಜನ ಕಟ್ಟನ್ನು ಬಿಚ್ಚುವ ಬದಲು ಇನ್ನೂ ಹತ್ತು ಯಂತ್ರಗಳನ್ನು ಕೊಳ್ಳುವುದುಂಟು. ಅವಕ್ಕೂ ವಿದ್ಯುತ್ತು ಬೇಕು, ತಂಪು ಬೇಕು. ಅದರ ಬೆಲೆಯನ್ನು ಕಡೆಗೆ ತೆರುವವರು ನಾವೇ.

ಯಂತ್ರವನ್ನು ಗೊತ್ತುಮಾಡಿಟ್ಟರೆ ತೊಂದರೆ ಬಂದಾಗ ಎಲ್ಲಿ ಹುಡುಕಬೇಕೆಂದು ತಿಳಿದಿರುತ್ತದೆ, ಎಂದು ಹಳಬರು ವಾದಿಸುತ್ತಾರೆ. ಈ ವಾದದಲ್ಲಿ ಹುರುಳಿಲ್ಲದಿಲ್ಲ. ಅನುಭವಿಗಳಿಗೆ ಪರಿಚಿತ ಯಂತ್ರದ ಮೇಲೆ ನಂಬಿಕೆ ಹೆಚ್ಚು. ಆದರೆ ಕೆಲಸ ಎಲ್ಲಿ ನಡೆಯುತ್ತಿದೆಯೆಂದು ತಿಳಿಯುವುದಕ್ಕೂ ಎಲ್ಲಿ ನಡೆಯಬೇಕೆಂದು ವಿಧಿಸುವುದಕ್ಕೂ ಭೇದವಿದೆ. ಪಾಡ್ ಯಾವ ನೋಡಿನಲ್ಲಿದೆಯೆಂದು ಸಮೂಹವನ್ನು ಕೇಳಿದರೆ ಅದು ಯಾವ ಕ್ಷಣದಲ್ಲಿಯೂ ಹೇಳುತ್ತದೆ. ತಿಳಿಯುವ ಆಸೆಗಾಗಿ ಕಟ್ಟಿಹಾಕಬೇಕಾಗಿಲ್ಲ. ಶೆಡ್ಯೂಲರನ್ನೇ ಬದಿಗೊತ್ತಿ ನೋಡಿನ ಹೆಸರನ್ನು ನೇರವಾಗಿ ಬರೆಯುವ ಸೌಕರ್ಯವೂ ಕುಬರ್ನೆಟೀಸ್‌ನಲ್ಲಿ ಉಂಟು. ಆದರೆ ಯಂತ್ರ ಕೆಟ್ಟಾಗ, ಬದಲಾದಾಗ ಹೆಸರು ಸುಳ್ಳಾಗುತ್ತದೆ, ಗುಣ ಸುಳ್ಳಾಗುವುದಿಲ್ಲ. "ಏಳನೆಯ ಯಂತ್ರ ಬೇಕು" ಎಂದು ಬರೆಯುವುದಕ್ಕಿಂತ "ಜಿಪಿಯು ಉಳ್ಳ ಯಂತ್ರ ಬೇಕು" ಎಂದು ಬರೆಯುವುದು ಎಂದಿಗೂ ಮೇಲು.

ಕಟ್ಟಳೆಗಳಿಗೆ ಇನ್ನೊಂದು ದುರ್ಗುಣವುಂಟು: ಹಾಕುವಾಗ ಕಾರಣವಿರುತ್ತದೆ, ಕಾರಣ ಹೋದಮೇಲೂ ಕಟ್ಟಳೆ ಉಳಿದಿರುತ್ತದೆ. ಕಡ್ಡಾಯದ ಅಫಿನಿಟಿಯ ಷರತ್ತನ್ನು ಕೆಲಸ ಹಂಚುವ ಗಳಿಗೆಯಲ್ಲಿ ಮಾತ್ರ ನೋಡಲಾಗುತ್ತದೆ. ಆಮೇಲೆ ನೋಡಿನ ಚೀಟಿಯನ್ನು ಬದಲಿಸಿದರೂ ಒಳಗಿರುವ ಪಾಡ್ ಹಾಗೆಯೇ ಮುಂದುವರಿಯುತ್ತದೆ. ಹೀಗಾಗಿ ಕಾಗದದ ಮೇಲಿನ ನಿಯಮವೂ ನಿಜವಾಗಿ ನಡೆಯುತ್ತಿರುವುದೂ ಬೇರೆಬೇರೆಯಾಗಿ ಬಹುಕಾಲ ಸಾಗಬಹುದು. ಆದುದರಿಂದ ಪ್ರತಿಯೊಂದು ಕಟ್ಟಿನ ಪಕ್ಕದಲ್ಲಿಯೂ ಅದರ ಕಾರಣವನ್ನು ಬರೆದಿಡಬೇಕು. ಆಗಾಗ್ಗೆ ಅವನ್ನು ಓದಿ, ಕಾರಣ ಹೇಳಲಾಗದ ಕಟ್ಟನ್ನು ಬಿಚ್ಚಿಹಾಕಬೇಕು.

ಇದೆಲ್ಲ ದೊಡ್ಡ ನಗರದ ದೊಡ್ಡ ಸಂಸ್ಥೆಗಳ ವಿಚಾರ, ನಮಗೇಕೆ ಎಂದು ವಿದ್ಯಾರ್ಥಿಗಳು ಭಾವಿಸಬೇಕಾಗಿಲ್ಲ. ಕುಬರ್ನೆಟೀಸ್ ಉಚಿತವಾಗಿ ದೊರೆಯುವ ತಂತ್ರಾಂಶ. "ಮಿನಿಕ್ಯೂಬ್" ಎಂಬ ಅದರ ಚಿಕ್ಕ ರೂಪವನ್ನು ಕಾಲೇಜಿನ ಒಂದೇ ಗಣಕದಲ್ಲಿ ಸ್ಥಾಪಿಸಿ, ಅದರಲ್ಲಿ ಎರಡು ಮೂರು ನೋಡುಗಳನ್ನು ಕಲ್ಪಿಸಿಕೊಳ್ಳಬಹುದು. ಒಂದಕ್ಕೆ ಚೀಟಿ ಅಂಟಿಸಿ, ಇನ್ನೊಂದಕ್ಕೆ ಫಲಕ ತೂಗುಹಾಕಿ, ಪಾಡುಗಳು ಎಲ್ಲಿಗೆ ಹೋಗುವುವೆಂದು ಮೊದಲು ಊಹಿಸಿ ಬರೆದಿಟ್ಟು, ಆಮೇಲೆ ನಡೆಸಿ ನೋಡಿ. ಊಹೆ ತಪ್ಪಿದ ಕಡೆಯಲ್ಲಿಯೇ ನಿಜವಾದ ಪಾಠವಿರುತ್ತದೆ. ಒಂದು ಪಾಡ್ ಸುಮ್ಮನೆ ಕಾಯುತ್ತ ಕುಳಿತರೆ, ಯಾವ ಷರತ್ತು ಅದನ್ನು ತಡೆದಿದೆಯೆಂದು ಸಮೂಹವೇ ಬರೆದು ತೋರಿಸುತ್ತದೆ. ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ.

ಮುಂದೆ ನಿಮ್ಮಲ್ಲಿ ಕೆಲವರು ಇಂಥ ಸಮೂಹಗಳ ಚುಕ್ಕಾಣಿ ಹಿಡಿಯುವಿರಿ. ಉಳಿದವರೆಲ್ಲ ಅವುಗಳ ಸೇವೆಯನ್ನು ಪಡೆಯುವಿರಿ. ಚುಕ್ಕಾಣಿ ಹಿಡಿದವರು ಕಟ್ಟು ಹಾಕುವ ಮೊದಲು, ಇದಕ್ಕೆ ಯಂತ್ರದ ಗುಣ ಕಾರಣವೇ, ಅಪಾಯ ಕಾರಣವೇ, ಕಾನೂನು ಕಾರಣವೇ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಲಿ. ಸೇವೆ ಪಡೆಯುವವರು, ನಮ್ಮ ಲೆಕ್ಕಪತ್ರ, ನಮ್ಮ ಅಂಕಪಟ್ಟಿ, ನಮ್ಮ ಆರೋಗ್ಯದ ವಿವರ ಯಾವ ಊರಿನ ಯಂತ್ರದಲ್ಲಿದೆ, ಅಲ್ಲಿಯೇ ಏಕೆ ಇದೆ ಎಂದು ಕೇಳುವ ಧೈರ್ಯ ತಂದುಕೊಳ್ಳಲಿ. ಆ ಪ್ರಶ್ನೆಗೆ "ಮೋಡದಲ್ಲಿದೆ" ಎಂಬುದು ಉತ್ತರವಲ್ಲ.